ಜಪಾನಿನಲ್ಲಿ ವಿದ್ಯಾರ್ಥಿಜೀವನ

ಮಲವಗೊಪ್ಪಕ್ಕೆ ಸಮೀಪದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ಸಂದರ್ಶಿಸಿ, ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಕಂಡುಬಂದಿದ್ದರು. ಅವರದು ಪ್ರವಾಸ, ವಿನಿಮಯ ವಿದ್ಯಾರ್ಥಿಯಾದರೋ ಅಲ್ಲಿ ಬಿಡಾರವನ್ನೇ ಹೂಡಬೇಕು.

ಈ ಸೀಮೆಯ ತರುಣನೊಬ್ಬನು ಓದಲು ನಾಗೋಯಾ ನಗರಕ್ಕೆ ಹೋದನೆನ್ನೋಣ. ನೆಲೆಸಿದ 14 ದಿನಗಳೊಳಗೆ ಅವನು ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಕಸವನ್ನು ಸಹ ಸುಡತಕ್ಕುದು, ಸುಡಲಾಗದುದು ಎಂದು ವಿಂಗಡಿಸಿ ಗೊತ್ತಾದ ದಿನವೇ ಹೊರಗಿಡಬೇಕು. ಬಾಗಿಲಲ್ಲಿ ಪಾದರಕ್ಷೆ ಕಳಚುವುದು ನಮ್ಮವರಿಗೆ ಹೊಸತಲ್ಲ. ಸ್ನಾನದ ರೀತಿ ಮಾತ್ರ ಬೇರೆ: ಮೈಯನ್ನು ಹೊರಗೇ ತೊಳೆದುಕೊಂಡು, ಬಳಿಕ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು, ಆ ನೀರೇ ಮನೆಯವರೆಲ್ಲರಿಗೂ.

ಸಸ್ಯಾಹಾರಿಗೆ ನಿಜವಾದ ಕಷ್ಟ ಊಟದಲ್ಲಿದೆ. ತರಕಾರಿಯ ಸಾರಿನಲ್ಲಿಯೂ 'ದಾಶಿ' ಎಂಬ ಒಣಮೀನಿನ ರಸ ಬೆರೆತಿರುವುದುಂಟು. ಕೇಳಿ ತಿಳಿಯದೆ ಗತ್ಯಂತರವಿಲ್ಲ. ಕೇಳಲು ಭಾಷೆ ಬೇಕು. ಮೂರು ಬಗೆಯ ಲಿಪಿಗಳು ಕಂಗೆಡಿಸಿದರೂ ವಾಕ್ಯದ ಜಾಡು ನಮಗೆ ಪರಿಚಿತವೇ. 'ನಾನು ಅನ್ನವನ್ನು ತಿನ್ನುತ್ತೇನೆ' ಎಂಬುದು ಅಲ್ಲಿ 'ವತಾಶಿ ವ ಗೊಹಾನ್ ಓ ತಬೆಮಾಸು'. ಕ್ರಿಯಾಪದ ಕಡೆಯಲ್ಲಿ, ವಿಭಕ್ತಿಯ ಗುರುತು ನಾಮಪದದ ಬಳಿಕ, ಕನ್ನಡದಂತೆಯೇ. ಮೀನು ಬೇಡವೆನ್ನುವ ವಾಕ್ಯವನ್ನೇ ಅವನು ಮೊದಲು ಕಲಿತರೆ ಆಶ್ಚರ್ಯವಿಲ್ಲ.