ಮೈಕ್ರೋವೇವ್ ಒಲೆ: ಅಡಿಗೆಗೆ ಸರಿ, ಬಿತ್ತನೆ ಬೀಜಕ್ಕೆ ಬೇಡ

ಪಟ್ಟಣದಲ್ಲಿರುವ ಮಕ್ಕಳು ಊರಿನ ಮನೆಗೆ ಮೈಕ್ರೋವೇವ್ ಒಲೆ ತಂದುಕೊಡುವುದು ಈಗ ಅಪರೂಪವಲ್ಲ. ಇದರಲ್ಲಿ ಬೆಂಕಿಯಿಲ್ಲ. ಮ್ಯಾಗ್ನೆಟ್ರಾನ್ ಎಂಬ ಕೊಳವೆಯಿಂದ ಹೊರಡುವ 2450 ಮೆಗಾಹರ್ಟ್ಸ್ ಅಲೆಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಹುಟ್ಟಿಸುತ್ತವೆ. ಆದುದರಿಂದ ನೀರಿನಂಶವಿರುವ ಪದಾರ್ಥ ಬೇಗ ಬೇಯುತ್ತದೆ.

ಮತ್ತಿಕೆರೆಯ ನಮ್ಮ ಮನೆಯಲ್ಲಿ ಅವರೆಕಾಯಿಯ ಕಾಲದಲ್ಲಿ ಇದಕ್ಕೆ ಬಿಡುವಿಲ್ಲ. ಸುಲಿದ ಹಸಿ ಅವರೆಕಾಳು ಎರಡು ಹಿಡಿಯಷ್ಟನ್ನು ಗಾಜಿನ ಬಟ್ಟಲಿಗೆ ಹಾಕಿ, ಕಾಲು ಲೋಟ ನೀರು ಸೇರಿಸಿ, ಆವಿ ಹೋಗಲು ಸಂದು ಬಿಟ್ಟು ಮುಚ್ಚಿರಿ. 4 ನಿಮಿಷ ಬೇಯಿಸಿ, ಕಲಕಿ, ಮತ್ತೆ 3 ನಿಮಿಷ ಇಡಿರಿ. ಅಲೆಗಳು ಎಲ್ಲೆಡೆ ಸಮನಾಗಿ ತಾಗುವುದಿಲ್ಲವಾದ್ದರಿಂದ ನಡುವೆ ಕಲಕಲೇಬೇಕು. ತೆಗೆಯುವ ಮೊದಲು 2 ನಿಮಿಷ ಹಾಗೆಯೇ ಬಿಟ್ಟರೆ ಒಳಗಿನ ಬಿಸಿಯಿಂದ ಇನ್ನಷ್ಟು ಬೇಯುತ್ತದೆ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಇಡಕೂಡದು, ಕಿಡಿ ಹಾರುತ್ತದೆ. ಚಿಪ್ಪು ತೆಗೆಯದ ಮೊಟ್ಟೆ ಸಿಡಿಯುತ್ತದೆ. ಮುದ್ದೆಗೆ ಮಾತ್ರ ಹಳೆಯ ಒಲೆಯೇ ಲೇಸು. ಹಿಟ್ಟು ತೊಳಸುವ ಕೆಲಸ ಇದರಿಂದಾಗದು.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹುಳು ಬೀಳದಿರಲೆಂದು, ಕೈತೋಟಕ್ಕೆ ಇಟ್ಟಿದ್ದ ಒಂದು ಹಿಡಿ ಅವರೆ ಬೀಜವನ್ನು ಒಮ್ಮೆ ಇದರಲ್ಲಿ 2 ನಿಮಿಷ ಇಟ್ಟೆ. ಹುಳುವೇನೋ ಬೀಳಲಿಲ್ಲ. ಬಿತ್ತಿದಾಗ ಒಂದೂ ಮೊಳೆಯಲಿಲ್ಲ. ಬೀಜದೊಳಗಿನ ತೇವವೇ ಕಾದು ಭ್ರೂಣ ಬೆಂದುಹೋಗಿತ್ತು. ಹೊರಗಿನ ಸಿಪ್ಪೆ ಮಾತ್ರ ಮೊದಲಿನಂತೆಯೇ ಇತ್ತು. ಅಡಿಗೆಯ ಬೇಳೆಗೆ ಹೀಗೆ ಮಾಡಿದರೆ ನಷ್ಟವಿಲ್ಲ. ಬಿತ್ತನೆ ಬೀಜವನ್ನಾದರೋ ತೇವಾಂಶ ಶೇಕಡ 9ಕ್ಕೆ ಇಳಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಅಜ್ಜನ ಕಾಲದ ನಾಟಿ ತಳಿಯ ಕೊನೆಯ ಹಿಡಿ ನಿಮ್ಮಲ್ಲಿದ್ದರೆ ಅದನ್ನು ಈ ಒಲೆಯ ಹತ್ತಿರವೂ ತರಬೇಡಿರಿ.