ಕಸಿಯ ಚಾಕುವಿಗೆ ತಕ್ಕ ಮಸೆಗಲ್ಲುಗಳು

ಮಾವಿಗೆ ಒಟ್ಟುಕಸಿ ಕಟ್ಟುವಾಗ ಸಸಿಯಿಂದಲೂ ತಾಯಿಮರದ ಕೊಂಬೆಯಿಂದಲೂ ಸುಮಾರು ಎರಡಂಗುಲ ಉದ್ದದ ಸಿಪ್ಪೆಯನ್ನು ಸ್ವಲ್ಪ ಮರದೊಡನೆ ಹೆರೆದು, ಆ ಎರಡು ಗಾಯಗಳನ್ನೂ ಒಂದಕ್ಕೊಂದು ಹೊಂದಿಸಿ ಬಿಗಿಯುವುದು ವಾಡಿಕೆಯಷ್ಟೆ. ಸಿಪ್ಪೆಗೂ ಮರಕ್ಕೂ ನಡುವೆ ಇರುವ, ಬಹು ತೆಳುವಾದ ಬೆಳವಣಿಗೆಯ ಪೊರೆಯೇ ಇವೆರಡನ್ನೂ ಬೆಸೆಯತಕ್ಕದ್ದು. ಮೊಂಡು ಚಾಕುವು ಈ ಪೊರೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಭಾಗವು ಕಪ್ಪಾಗಿ ಒಣಗಿ, ಗಾಯಗಳ ನಡುವೆ ಸಂದು ಉಳಿದು, ಕಸಿಯು ಕೂಡದೆ ಹೋಗುವುದು. ಆಗ ಸಸಿಯೂ ಕೊಂಬೆಯೂ ಆ ವರ್ಷದ ಶ್ರಮವೂ ನಷ್ಟ. ಇಂಥ ನಷ್ಟಕ್ಕೆ ಮಳೆಯನ್ನೂ ಸಸಿಯ ಜಾತಿಯನ್ನೂ ದೂರುವವರು ಬಹಳ. ಚಾಕುವಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವವರು ಕಡಮೆ.

ಅಲಗನ್ನು ಮಸೆಯುವ ವಿದ್ಯೆಯು ಹಳ್ಳಿಗೆ ಹೊಸದೇನೂ ಅಲ್ಲ. ಹಿಂದಿನ ಕಾಲದ ಕ್ಷೌರಿಕನು ತನ್ನ ಹಡಪದಲ್ಲಿ ನುಣ್ಣನೆಯ ಕಲ್ಲನ್ನೂ ಚರ್ಮದ ಪಟ್ಟಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದನು. ಕುಡುಗೋಲು ಮಸೆಯುವ ಕಲ್ಲಿಗೆ ತನ್ನ ಕತ್ತಿಯನ್ನು ಮುಟ್ಟಿಸುತ್ತಿರಲಿಲ್ಲ. ಇದಕ್ಕೆ ಕಾರಣವುಂಟು. ಹರಿತವೆಂಬುದು ಅಲಗಿನ ಎರಡು ಮುಖಗಳು ಕೂಡುವ ಗೆರೆಯಲ್ಲದೆ ಬೇರಲ್ಲ. ಕಲ್ಲಿನ ಪ್ರತಿಯೊಂದು ಕಣವೂ ಉಕ್ಕಿನ ಮೇಲೆ ಒಂದು ಗೀರನ್ನು ಬಿಡುವುದು. ಆ ಗೀರುಗಳು ಬಾಯಿಗೆ ಬಂದು ಮುಟ್ಟಿದ ಕಡೆ ಗರಗಸದ ಹಲ್ಲಿನಂತೆ ಏರಿಳಿವು ಉಂಟಾಗುವುದು. ತರಿಯಾದ ಕಲ್ಲು ಆಳವಾದ ಹಲ್ಲನ್ನೂ, ನುಣುಪಾದ ಕಲ್ಲು ಸಣ್ಣ ಹಲ್ಲನ್ನೂ ಕೊಡುವುದು. ಹುಲ್ಲು ಕೊಯ್ಯುವ ಬೋಳು ಕುಡುಗೋಲಿಗೆ ಸ್ವಲ್ಪ ಹಲ್ಲಿದ್ದರೆ ಉಪಕಾರವೇ. ಮನುಷ್ಯನ ಕೆನ್ನೆಗೂ ಗಿಡದ ಎಳೆಯ ಸಿಪ್ಪೆಗೂ ಅದು ಅಪಕಾರ. (ಮೊದಲೇ ಹಲ್ಲು ಕಡಿದಿರುವ ಕುಡುಗೋಲನ್ನು ಮಾತ್ರ ಚಪ್ಪಟೆ ಕಲ್ಲಿಗೆ ಹಚ್ಚಲೇಬಾರದು, ಹಲ್ಲು ಸವೆದು ಕುಡುಗೋಲೇ ಕೆಡುವುದು.)

ಕಲ್ಲಿನ ನಯವನ್ನು ಸಂಖ್ಯೆಯಿಂದ ಗುರುತಿಸುವುದು ರೂಢಿ. ಸಂಖ್ಯೆಯು ಹೆಚ್ಚಿದಷ್ಟೂ ಕಣವು ಸಣ್ಣದು. ಮೂಲದಲ್ಲಿ ಇದು ಜರಡಿಯ ಲೆಕ್ಕ: ಒಂದಂಗುಲಕ್ಕೆ ಎಷ್ಟು ಕಣ್ಣುಳ್ಳ ಜರಡಿಯಲ್ಲಿ ಪುಡಿಯು ಇಳಿಯುವುದೆಂಬುದರ ಮೇಲೆ ಸಂಖ್ಯೆ. ಬಹು ನುಣುಪಾದ ಪುಡಿಗೆ ಜರಡಿಯು ಒದಗದು. ಅದನ್ನು ನೀರಿನಲ್ಲಿ ಕದಡಿ, ಕೆರೆಯ ಬಗ್ಗಡದಲ್ಲಿ ಮರಳು ಮೊದಲು ತಂಗಿ ಮೆಕ್ಕಲು ಕಡೆಗೆ ತಂಗುವಂತೆ, ತಂಗುವ ಹೊತ್ತಿನ ಮೇಲೆ ಬೇರ್ಪಡಿಸುವರು. ಜಪಾನಿನ ಲೆಕ್ಕದ ೧೦೦೦ನೆಯ ಕಲ್ಲಿನ ಕಣವು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ದಪ್ಪ. ೮೦೦೦ದ್ದು ಅದಕ್ಕಿಂತ ಬಹಳ ಸಣ್ಣದು. ಅಮೆರಿಕದ ಲೆಕ್ಕವೂ ಜಪಾನಿನ ಲೆಕ್ಕವೂ ಒಂದೇ ಅಲ್ಲವಾದುದರಿಂದ, ಕೊಳ್ಳುವಾಗ ಎಲ್ಲ ಕಲ್ಲುಗಳನ್ನೂ ಒಂದೇ ತಯಾರಕರಿಂದ ಕೊಳ್ಳುವುದು ಕ್ಷೇಮ.

ಕೈಮಸೆಗಲ್ಲುಗಳಲ್ಲಿ ಕಾರ್ಬೊರಂಡಂ ಬಹಳ ಬಳಕೆಯಲ್ಲಿರುವುದು. ಇದು ಗಣಿಯಿಂದ ಬಂದುದಲ್ಲ. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತನು ಕಂಡುಹಿಡಿದುದು. ಮರಳನ್ನೂ ಕೋಕ್ ಇದ್ದಲನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಸಿ ಮಾಡತಕ್ಕದ್ದು. ಬೇಗ ಕೊರೆಯುತ್ತದೆ. ಹಾಗೆಂದು ಇದೊಂದರಿಂದಲೇ ಕಸಿಯ ಚಾಕುವನ್ನು ಮುಗಿಸಿ ಏಳುವುದು ಅವಸರದವರ ಕೆಲಸ. ಕ್ಷೌರದ ಕತ್ತಿಗೆ ಹೆಸರಾದ ನೈಸರ್ಗಿಕ ಕಲ್ಲುಗಳೂ ಇವೆ. ಬೆಲ್ಜಿಯಂ ದೇಶದ ಆರ್ಡೆನ್ಸ್ ಪ್ರಾಂತದ ಹಳದಿಯ ಕೋಟಿಕ್ಯುಲ್ ಕಲ್ಲಿನಲ್ಲಿ ಗಾರ್ನೆಟ್ ಎಂಬ ಗಟ್ಟಿಯಾದ ಸಣ್ಣ ಹರಳುಗಳು ತುಂಬಿರುವುವು. ಅದರ ಮೇಲೆ ಎದ್ದ ಗಸಿಯೊಡನೆ ಮಸೆದರೆ ಬೇಗ ಸವೆಸುವುದು; ನೀರು ಸೇರಿಸಿ ಗಸಿಯನ್ನು ತೆಳುಮಾಡುತ್ತ ಹೋದರೆ ಅದೇ ಕಲ್ಲು ನಯವಾಗಿ ಮುಗಿಸುವುದು. ಕಸಿಯ ಕೆಲಸಕ್ಕೆ ಇಷ್ಟು ಬೆಲೆಯ ಕಲ್ಲು ಅನಾವಶ್ಯಕ.

ಯಾವ ಕಲ್ಲಿನಿಂದ ಮೊದಲು ಮಾಡಬೇಕೆಂಬುದು ಅಲಗಿನ ಸ್ಥಿತಿಯ ಮೇಲೆ ನಿಂತಿದೆ. ಬಾಯಿ ಮುರಿದು ಕಚ್ಚು ಬಿದ್ದಿದ್ದರೆ ಮಾತ್ರ ೨೨೦ ಅಥವಾ ೪೦೦ರ ತರಿಗಲ್ಲು. ಬರಿಯ ಮೊಂಡಾಗಿದ್ದರೆ ೧೦೦೦ದಿಂದ ತೊಡಗುವುದು ಸಾಕು. ತರಿಗಲ್ಲಿಗೆ ವಿನಾಕಾರಣ ಹಚ್ಚಿದ ಚಾಕುವು ಹರಿತವಾಗುವುದಕ್ಕಿಂತ ಹೆಚ್ಚಾಗಿ ಸವೆಯುವುದು. ೧೦೦೦ದ ಕಲ್ಲೇ ಎಲ್ಲಕ್ಕೂ ಮುಖ್ಯ. ಇಳಿಜಾರು ಮುಖವು ಹಿಡಿಯಿಂದ ತುದಿಯವರೆಗೆ ಸಮನಾಗಿ ಬಾಯಿಯನ್ನು ಮುಟ್ಟುವ ತನಕ ಅದನ್ನು ಬಿಡತಕ್ಕದ್ದಲ್ಲ. ಇಲ್ಲಿ ಉಳಿದ ತಪ್ಪನ್ನು ಮುಂದಿನ ಯಾವ ಕಲ್ಲೂ ತಿದ್ದಲಾರದು. ಅನಂತರ ೩೦೦೦ ಅಥವಾ ೪೦೦೦. ಒಂದು ಕಲ್ಲಿನಿಂದ ಮುಂದಿನದಕ್ಕೆ ಸಂಖ್ಯೆಯು ಎರಡರಿಂದ ನಾಲ್ಕು ಪಾಲು ಏರಬಹುದು. ೨೨೦ರಿಂದ ನೇರವಾಗಿ ೮೦೦೦ಕ್ಕೆ ಹಾರಿದರೆ, ಆಳವಾದ ಗೀರುಗಳ ನೆತ್ತಿ ಮಾತ್ರ ಹೊಳಪಾಗಿ, ತಳವು ಹಾಗೆಯೇ ಉಳಿಯುವುದು. ಅಲಗು ಕನ್ನಡಿಯಂತೆ ಹೊಳೆದೂ ಕತ್ತರಿಸದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಕಸಿಯ ಚಾಕುವಿಗೆ ೪೦೦೦ದ ಕಲ್ಲೂ ಬಳಿಕ ಚರ್ಮದ ಪಟ್ಟಿಯೂ ಸಾಕು. ಕ್ಷೌರದ ಕತ್ತಿಗೆ ಇನ್ನೂ ಮುಂದೆ ೮೦೦೦ ಬೇಕು. ಕೆಲವರು ೧೨೦೦೦ದವರೆಗೂ ಹೋಗುವರು. ಹಿಡಿಯುವ ಕ್ರಮದಲ್ಲಿಯೂ ಭೇದವುಂಟು. ಕ್ಷೌರದ ಕತ್ತಿಯ ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲನ್ನು ಮುಟ್ಟಿರಬೇಕು. ಬೆನ್ನಿನ ದಪ್ಪವೇ ಓರೆಯನ್ನು ನಿಶ್ಚಯಿಸುವುದರಿಂದ ಕೈಗೆ ಆ ಚಿಂತೆಯಿಲ್ಲ. ಬಾಯಿ ಮುಂದಾಗಿ ನೂಕಿ, ಬೆನ್ನಿನ ಮೇಲೆ ಹೊರಳಿಸಿ, ಹಿಂದಕ್ಕೆ ತರುವುದು. ಕಸಿಯ ಚಾಕುಗಳಲ್ಲಿ ಅನೇಕವು ಒಂದೇ ಕಡೆ ಇಳಿಜಾರುಳ್ಳವು. ಅಂಥವನ್ನು ಇಳಿಜಾರಿನ ಕಡೆಯೇ ಮಸೆಯತಕ್ಕದ್ದು. ಮಸೆದಂತೆ ಆಚೆಯ ಕಡೆಗೆ ಉಕ್ಕಿನ ತೆಳುವಾದ ಎಳೆಯೊಂದು ಮಗುಚಿಕೊಳ್ಳುವುದು. ಚಪ್ಪಟೆ ಮುಖವನ್ನು ಕಲ್ಲಿಗೆ ಪೂರ್ತಿ ಒರಗಿಸಿ ಎರಡು ಮೂರು ಸಲ ಹಗುರವಾಗಿ ಎಳೆದು ಅದನ್ನು ತೆಗೆಯಬೇಕು. ಚರ್ಮದ ಮೇಲೆ ಯಾವ ಅಲಗನ್ನಾದರೂ ಬೆನ್ನು ಮುಂದಾಗಿ ಎಳೆಯುವುದೇ ಸರಿ. ಬಾಯಿ ಮುಂದಾದರೆ ಚರ್ಮವು ಸೀಳುವುದು.

ಸಂತೆಯಲ್ಲಿ ಬರುವ ಸಾಣೆಚಕ್ರಕ್ಕೆ ಒಳ್ಳೆಯ ಚಾಕುವನ್ನು ಕೊಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಒಣಚಕ್ರದ ಕಾವಿಗೆ ಬಾಯಿಯು ನೀಲಿಗೆ ತಿರುಗಿತೆಂದರೆ ಉಕ್ಕಿನ ಹದವು ಹೋಯಿತು. ಆ ಭಾಗವು ಮೆತ್ತಗಾಗಿ, ಎಷ್ಟು ಮಸೆದರೂ ಹರಿತವು ನಿಲ್ಲದು.

ನೀರಿನ ಕಲ್ಲಿಗೆ ಎಣ್ಣೆ ತಾಗಿಸಬಾರದು. ಕಣಗಳ ನಡುವೆ ಎಣ್ಣೆ ಕಟ್ಟಿ ಕಲ್ಲು ಕೊರೆಯದಾಗುವುದು. ಒಂದು ಕಲ್ಲು ಮುಗಿದೊಡನೆ ಅಲಗನ್ನೂ ಕೈಯನ್ನೂ ತೊಳೆದು ಮುಂದಿನದಕ್ಕೆ ಹೋಗಬೇಕು. ತರಿಗಲ್ಲಿನ ಒಂದೇ ಕಣವು ನುಣುಪಿನ ಕಲ್ಲಿನ ಮೇಲೆ ಬಿದ್ದರೂ ಮಾಡಿದ ಕೆಲಸವು ಕೆಡುವುದು. ಬಳಸಿದಂತೆ ಕಲ್ಲಿನ ನಡುವೆ ತಗ್ಗು ಬೀಳುವುದು ಸಹಜ. ತಗ್ಗುಬಿದ್ದ ಕಲ್ಲಿನಲ್ಲಿ ನೇರವಾದ ಬಾಯಿ ಬಾರದು. ಕಲ್ಲಿನ ಮೇಲೆ ಅಡ್ಡಡ್ಡವಾಗಿ ಪೆನ್ಸಿಲಿನ ಗೆರೆ ಎಳೆದು, ಸಮತಟ್ಟಾದ ದಪ್ಪ ಗಾಜಿನ ಮೇಲೆ ನುಣ್ಣನೆಯ ಮರಳನ್ನೂ ನೀರನ್ನೂ ಹಾಕಿ, ಗೆರೆಗಳೆಲ್ಲ ಅಳಿಯುವ ತನಕ ತಿಕ್ಕಿ, ಮರಳಿನ ಕಣವುಳಿಯದಂತೆ ತೊಳೆದರೆ ಕಲ್ಲು ಮಟ್ಟಕ್ಕೆ ಬರುವುದು.

ಪರೀಕ್ಷೆಗೆ ಬೆರಳು ಬೇಡ. ಅಲಗಿನ ಬಾಯಿಯನ್ನು ಬಿಸಿಲಿಗೆ ಎದುರಾಗಿ ಹಿಡಿದರೆ ಮೊಂಡಾದ ಕಡೆ ಬಿಳಿಯ ಗೆರೆ ಮಿನುಗುವುದು. ಹರಿತವಾದ ಕಡೆ ಏನೂ ಕಾಣದು. ಬಳಿಕ ನಿಂಬೆಯ ಎಳೆಯ ರೆಂಬೆಯೊಂದನ್ನು ಓರೆಯಾಗಿ ಒಂದೇ ಎಳೆತಕ್ಕೆ ಕೊಯ್ದು ನೋಡಬೇಕು. ಕೊಯ್ದ ಮುಖವು ನಾರೆದ್ದು ಮಂಕಾಗಿದ್ದರೆ ಚಾಕುವನ್ನು ಪುನಃ ೪೦೦೦ದ ಕಲ್ಲಿಗೆ ತರಬೇಕು. ಒದ್ದೆಯಾಗಿ ಹೊಳೆಯುತ್ತಿದ್ದು, ಸಿಪ್ಪೆಯ ಅಂಚು ಮರದಿಂದ ಎದ್ದಿರದಿದ್ದರೆ, ಆ ಚಾಕುವನ್ನು ತೋಟಕ್ಕೆ ಕೊಂಡೊಯ್ಯಬಹುದು.