ಬಿಡದಿಯಿಂದ ರೈಲಲ್ಲಿ ಒಂದು ದಿನ

ಪ್ರಶ್ನೆ: ಮಂಡಿನೋವಿರುವ ಅತ್ತೆ, ಆರು ಮತ್ತು ನಾಲ್ಕು ವರ್ಷದ ಮಕ್ಕಳೊಂದಿಗೆ ಬಿಡದಿಯಿಂದ ರೈಲಲ್ಲಿ ಮೈಸೂರಿಗೆ ಹೋಗಿ ಸಂಜೆಗೆ ಮರಳಬೇಕು. ಹೇಗೆ?

ಉತ್ತರ: ಈ ಸಲ ಮೈಸೂರು ಬಿಡಿ, ಅತ್ತೆಯವರಿಗೆ ಅಷ್ಟು ಓಡಾಟ ಆಗದು. ಶ್ರೀರಂಗಪಟ್ಟಣದಲ್ಲೇ ಇಳಿಯಿರಿ. ರಂಗನಾಥಸ್ವಾಮಿ ದೇವಸ್ಥಾನ ನಿಲ್ದಾಣಕ್ಕೆ ಹತ್ತಿರ. ದರಿಯಾ ದೌಲತ್ ಅರಮನೆಗೆ ಆಟೋ ಹಿಡಿಯಿರಿ.

ಕೆಲವು ಎಕ್ಸ್‌ಪ್ರೆಸ್‌ಗಳು ಬಿಡದಿಯಲ್ಲಿ ನಿಲ್ಲುವುದಿಲ್ಲ. ಹಿಂದಿನ ದಿನವೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಮರಳಿ ಬರುವ ಗಾಡಿಯನ್ನು ಮೊದಲು ಗೊತ್ತುಮಾಡಿಕೊಳ್ಳಿ. ಜನರಲ್ ಟಿಕೆಟ್‌ನಲ್ಲಿ ದೊಡ್ಡ ಮಗುವಿಗೆ ಅರ್ಧ ದರ, ಚಿಕ್ಕದಕ್ಕೆ ಟಿಕೆಟ್ ಬೇಡ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ.

ಗಾಡಿಯ ಮೆಟ್ಟಿಲು ಎತ್ತರ. ನೀವು ಮೊದಲು ಹತ್ತಿ ಅತ್ತೆಯವರ ಕೈ ಹಿಡಿಯಿರಿ, ಕೆಳಗಿನಿಂದ ಇನ್ನೊಬ್ಬರು ಆಸರೆಯಾಗಲಿ. ಮಂಡಿ ಊದಿದ್ದರೆ ಮೂಳೆ ವೈದ್ಯರಿಗೆ ತೋರಿಸಿದ ಮೇಲಷ್ಟೇ ದಿನ ನಿಗದಿ ಮಾಡಿ.